ನಾನು ರುಜು ಹಾಕಿದ ಪಿಸ್ತೂಲು

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಪಿಸ್ತೂಲು, ರಿವಾಲ್ವರುಗಳ ಹೊಟ್ಟೆ ಬಿಚ್ಚಿ ಒಳಗೆ ನೋಡುತ್ತ ಕುಳಿತವನು. ಹುಮನಾಬಾದಿನಲ್ಲಿ ಲೈಸನ್ಸ್ ಇದ್ದ ಬಂದೂಕಿನ ಅಂಗಡಿಯೊಂದರಲ್ಲಿ ರಿಪೇರಿ ಮಿಸ್ತ್ರಿಯಾಗಿದ್ದೆ. ಈಗ ಕಣ್ಣು ಮಂಜಾಗಿ, ಬೆರಳು ನಡುಗತೊಡಗಿ ಬಸವಕಲ್ಯಾಣದ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದಿಡಬೇಕೆನ್ನಿಸಿದೆ. ಹೊಗಳಿಕೊಳ್ಳುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸಬರ ಮುಖದಲ್ಲಿ ಒಂದು ಠೀವಿ ಇರುತ್ತದೆ. ಬಂದೂಕು ಮುಟ್ಟುವ ಕೆಲಸವಲ್ಲವೇ! ಒಂದು ವಾರದಲ್ಲಿ ಅದು ಇಳಿಯುತ್ತದೆ. ದಿನವಿಡೀ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಊರಿನವರ ತುಕ್ಕು ಉಜ್ಜುವುದೇ ಕೆಲಸ. ಊಟಕ್ಕೆ ಕುಳಿತರೆ ರೊಟ್ಟಿಗೂ ಅದೇ ವಾಸನೆ. ಇನ್ನೊಂದು ವಿಷಯ ಯಾರೂ ನಿಮಗೆ ಹೇಳುವುದಿಲ್ಲ. ಬಡಗಿಗೆ ಒಬ್ಬ ಯಜಮಾನ ಒಲ್ಲದಿದ್ದರೆ ಇನ್ನೊಬ್ಬ ಸಿಗುತ್ತಾನೆ. ಬಂದೂಕಿನ ಮಿಸ್ತ್ರಿಗೆ ಹಾಗಿಲ್ಲ. ರಿಪೇರಿಯ ಲೈಸನ್ಸು ಅಂಗಡಿಯವರ ಹೆಸರಿನಲ್ಲಿರುತ್ತದೆ. ಅಂಗಡಿಯ ಹೊಸ್ತಿಲು ದಾಟಿ ಒಂದು ಸ್ಪ್ರಿಂಗು ಮುಟ್ಟಿದರೂ ನೀವು ಅಪರಾಧಿ. ಹೀಗಾಗಿ ಕೈಯಲ್ಲಿ ಎಷ್ಟೇ ಕಸುಬಿದ್ದರೂ ಯಜಮಾನನ ಮುಂದೆ ಬಾಯಿ ಬಿಡುವ ಮೊದಲು ಹತ್ತು ಸಲ ಯೋಚಿಸುತ್ತೀರಿ. ನಾನಂತೂ ಯೋಚಿಸುತ್ತಲೇ ಮುದುಕನಾದೆ.

ನಮ್ಮದು ಪಾಂಚಾಳರ ಮನೆ. ಅಪ್ಪ ಕುಡಗೋಲು, ಕೊಡಲಿ ಬಡಿಯುತ್ತಿದ್ದರು. ನನ್ನನ್ನು ಬಂದೂಕಿನ ಕೆಲಸಕ್ಕೆ ಹಚ್ಚಿದವರು ಅಂಗಡಿಯ ಹಿರಿಯ ಮಿಸ್ತ್ರಿ ಚಾಂದ್ ಉಸ್ತಾದರು. ಬಿಳಿ ಗಡ್ಡದ, ಸದಾ ಸಿಟ್ಟಿನ ಮನುಷ್ಯ. ಅಂಗಡಿಯ ಹಿಂದೆ ಮರಳು ತುಂಬಿದ ಒಂದು ಗುಂಡಿ ಇತ್ತು. ರಿಪೇರಿಯಾದ ಪ್ರತಿ ಪಿಸ್ತೂಲನ್ನೂ, ಮಾರಾಟಕ್ಕೆ ಬಂದ ಪ್ರತಿ ಹೊಸ ಪಿಸ್ತೂಲನ್ನೂ ಉಸ್ತಾದರು ಆ ಗುಂಡಿಯಲ್ಲಿ ಹಾರಿಸಿ ನೋಡುತ್ತಿದ್ದರು.

“ಐದು ಹಾರಸು,” ಎನ್ನುತ್ತಿದ್ದರು. “ಐದೂ ಹೊಂಟ್ರ ಗಿರಾಕಿಗಿ ಕೊಡು. ನಾಕು ಹೊಂಟು ಒಂದು ನಿಂತ್ರ ಬಿಚ್ಚಿ ಕೂಡು. ಗಿರಾಕಿಗಿ ಜರೂರತ್ ಬೀಳೋದು ಆ ಒಂದರದೇ ಅಂತ ತಿಳ್ಕೋ.”

ಆಮೇಲೆ ಖಾಲಿ ಪಿಸ್ತೂಲಿನ ಘೋಡಾ ಎತ್ತಿ, ಸೇಫ್ಟಿ ಹಾಕಿ, ಕಟ್ಟಿಗೆಯ ಸುತ್ತಿಗೆಯಿಂದ ಹಿಂದಿನಿಂದ ಬಡಿಯುತ್ತಿದ್ದರು. ಘೋಡಾ ಎಂದರೆ ಗುಂಡಿನ ಬೆನ್ನಿಗೆ ಬಡಿಯುವ ಭಾಗ. ಪಿಸ್ತೂಲು ಕೈಜಾರಿ ಬಿದ್ದರೆ ಘೋಡಾ ತಾನಾಗಿ ಬೀಳಬಾರದು, ಅದಕ್ಕೆ ಈ ಪರೀಕ್ಷೆ. ಘೋಡಾ ಅಲುಗಿದರೆ ಆ ಪಿಸ್ತೂಲು ಬಂದ ಡಬ್ಬಿಯಲ್ಲೇ ವಾಪಸ್ಸು ಹೋಗುತ್ತಿತ್ತು. ಅಂಗಡಿಯ ಯಜಮಾನ ನಮ್ಮ ಸೇಠ ಹಲ್ಲು ಕಡಿಯುತ್ತಿದ್ದರು. ಆದರೆ ಉಸ್ತಾದರಿಗೆ ಎದುರಾಡುವ ಧೈರ್ಯ ಅವರಿಗಿರಲಿಲ್ಲ.

ಉಸ್ತಾದರು ತೀರಿಕೊಂಡ ವರ್ಷವೇ ಸೇಠ ಗುಂಡಿ ಮುಚ್ಚಿಸಿದರು. ಅಕ್ಕಪಕ್ಕದವರು ಸದ್ದಿಗೆ ತಕರಾರು ಮಾಡುತ್ತಾರೆ ಎಂಬ ನೆಪ. ಆ ಜಾಗದಲ್ಲಿ ತಮ್ಮ ಮೋಟಾರ್‌ಸೈಕಲ್ಲಿಗೆ ಶೆಡ್ ಹಾಕಿಸಿದರು. ಅಲ್ಲಿಂದ ಮುಂದೆ ನಮ್ಮ ಪರೀಕ್ಷೆ ಎಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತಿ ‘ಟಕ್’ ಎನ್ನಿಸುವುದು, ಮತ್ತು ಕಾಗದದ ಮೇಲೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ನಾನು ರುಜು ಹಾಕುವುದು. ನಾನು ಒಂದು ಮಾತೂ ಆಡಲಿಲ್ಲ. ಹಿರಿಯ ಮಿಸ್ತ್ರಿ ಅನ್ನಿಸಿಕೊಂಡ ಖುಷಿ ಬೇರೆ ಇತ್ತಲ್ಲ.

ನಮ್ಮ ಕಡೆ ಪಿಸ್ತೂಲನ್ನು ಯಾರೂ ಹಾರಿಸಲೆಂದು ಕೊಳ್ಳುವುದಿಲ್ಲ. ಇದನ್ನು ತಿಳಿಯದೆ ಈ ಧಂದೆ ತಿಳಿಯುವುದಿಲ್ಲ. ಸೊಂಟಕ್ಕೆ ಕಟ್ಟಿಕೊಂಡು ಲಗ್ನದ ಪಂಕ್ತಿಯಲ್ಲಿ ಕೂರಲು ಕೊಳ್ಳುತ್ತಾರೆ. ದಸರೆಯಲ್ಲಿ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಇಡಲು ಕೊಳ್ಳುತ್ತಾರೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಸಾಲಿನಲ್ಲಿ ನಿಂತು, ತನ್ನ ಹತ್ತಿರವೂ ಒಂದಿದೆ ಎಂದು ನಾಲ್ಕು ಜನಕ್ಕೆ ತೋರಿಸಲು ಕೊಳ್ಳುತ್ತಾರೆ. ಹೀಗಿರುವಾಗ ಅಗ್ಗದ್ದು ಯಾವುದು, ಹೊಳೆಯುವುದು ಯಾವುದು ಎಂದು ಕೇಳದೆ ಇನ್ನೇನು ಕೇಳಿಯಾರು?

ಖಂಡೆ ಪೂಜೆ ಎಂದೆನಲ್ಲ, ಅದರದೊಂದು ಕಥೆ. ಹುಮನಾಬಾದಿನ ಅಡತಿಯಲ್ಲಿ ತೊಗರಿ ವ್ಯಾಪಾರ ಮಾಡುವ ಒಬ್ಬ ಸಾಹುಕಾರರು ಒಂದು ಚಳಿಗಾಲದ ಮುಂಜಾನೆ ರಿವಾಲ್ವರನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಬಂದರು. “ಮಿಸ್ತ್ರಿ, ಇದರ ಚಕ್ರ ತಿರುಗವಲ್ದು. ಮೋಸ ಮಾಡೀರಿ ನೀವು,” ಎಂದು ಎಗರಾಡಿದರು. ಬಿಚ್ಚಿ ನೋಡಿದರೆ ಒಳಗೆ ಅರಿಶಿನ, ಕುಂಕುಮ, ಎರಡು ಅಕ್ಕಿಕಾಳು, ಮತ್ತು ಎಲ್ಲದರ ಮೇಲೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ. ಐದು ದಸರೆಯ ಪೂಜೆ ಅದರ ಹೊಟ್ಟೆಯಲ್ಲಿತ್ತು.

“ಸಾಹುಕಾರ್ರ, ಎಣ್ಣಿ ಯಾರು ಹಾಕಿದ್ರು?” ಎಂದೆ.

“ನಮ್ಮಾಕಿ. ದೇವರ ದೀಪಕ್ಕ ತಂದದ್ದು, ಶುದ್ಧ ಅದ.”

ಅವರ ಮನೆಯವರ ಭಕ್ತಿಗೆ ನಾನೇನು ಹೇಳಲಿ? ತೊಳೆದು ಕೊಟ್ಟೆ. ಆ ರಿವಾಲ್ವರು ಸರ್ಕಾರಿ ಕಾರ್ಖಾನೆಯದು. ಭಾರ, ಕಪ್ಪು, ನೋಡಲು ಒರಟು. ತೊಳೆದ ಮೇಲೆ ಮತ್ತೆ ಕೆಲಸ ಮಾಡಿತು. ಸಾಹುಕಾರರು ಮಾತ್ರ ಅದನ್ನು ಮಾರಿ, ಹೊಳೆಯುವ ಹೊಸ ಪಿಸ್ತೂಲೊಂದನ್ನು ಕಡಿಮೆ ಬೆಲೆಗೆ ಕೊಂಡರು. ಆರು ತಿಂಗಳಲ್ಲಿ ಅದರ ಬಣ್ಣ ಎದ್ದು, ಗುಂಡಿನ ಡಬ್ಬಿ ಸಿಕ್ಕಿಹಾಕಿಕೊಂಡು, “ಹಳೇದು ವಾಪಸ್ ಸಿಗ್ತದೇನು ಮಿಸ್ತ್ರಿ?” ಎಂದು ಬಂದರು. ಅಷ್ಟರಲ್ಲಿ ಅದು ಯಾರದೋ ಸೊಂಟ ಸೇರಿತ್ತು.

ಮುಡಬಿಯ ಕಡೆಯ ಇನ್ನೊಬ್ಬ ಗೌಡರು ಅಂಥದೇ ಅಗ್ಗದ ಪಿಸ್ತೂಲು ಕೊಂಡು, ಮಗನ ಲಗ್ನದಲ್ಲಿ ಮೇಲಕ್ಕೆ ಹಾರಿಸಲು ಹೋದರಂತೆ. ಮೂರು ಸಲ ಒತ್ತಿದರೂ ಹಾರಲಿಲ್ಲ. ಬೀಗರ ಕಡೆಯವರು ಬಿದ್ದು ಬಿದ್ದು ನಕ್ಕರು. ಮರುದಿನ ಗೌಡರು ಅಂಗಡಿಗೆ ಬಂದು ನನ್ನ ಜನ್ಮ ಜಾಲಾಡಿದರು. ಮೇಲೆ ಹಾಕಿದ ಪೆಂಡಾಲು, ಮಾಳಿಗೆಯ ಮೇಲೆ ನಿಂತ ಹೆಣ್ಣುಮಕ್ಕಳು, ಯಾವುದೂ ಅವರ ತಲೆಯಲ್ಲಿರಲಿಲ್ಲ. ಮರ್ಯಾದೆ ಹೋಯಿತು ಎಂಬುದೊಂದೇ ದುಃಖ. ಕಳಪೆ ಮಾಲಿಗೆ ನಾನು ಕೈಮುಗಿದದ್ದು ಅದೊಂದೇ ಸಲ.

ಈ ಅಗ್ಗದ ಪಿಸ್ತೂಲುಗಳು ಎಲ್ಲಿ ತಯಾರಾಗುತ್ತಿದ್ದವು, ಹೆಸರೇನು ಎಂದು ಬರೆಯುವುದಿಲ್ಲ. ಮೊದಲ ಡಬ್ಬಿ ಬಂದಾಗ ಉಸ್ತಾದರ ನೆನಪಿಗೆಂದು ಒಂದನ್ನು ಸುತ್ತಿಗೆಯಿಂದ ಬಡಿದು ನೋಡಿದೆ. ಸೇಫ್ಟಿ ಹಾಕಿದ್ದಾಗಲೂ ಘೋಡಾ ಬಿತ್ತು. ಇನ್ನೊಂದನ್ನು ಬಡಿದೆ, ಅದೂ ಬಿತ್ತು. ಬಿಚ್ಚಿದೆ. ಘೋಡಾವನ್ನು ಹಿಡಿದು ನಿಲ್ಲಿಸುವ ಕೊಕ್ಕೆ ಮೆತ್ತಗಿನ ಲೋಹದ್ದು. ಸೇಫ್ಟಿ ಟ್ರಿಗರನ್ನಷ್ಟೇ ತಡೆಯುತ್ತಿತ್ತು, ಘೋಡಾವನ್ನು ತಡೆಯುತ್ತಲೇ ಇರಲಿಲ್ಲ. ಗುಂಡು ತುಂಬಿದ ಪಿಸ್ತೂಲು ಗಟ್ಟಿ ನೆಲಕ್ಕೆ ಬಿದ್ದರೆ ಟ್ರಿಗರ್ ಮುಟ್ಟದೆಯೇ ಹಾರುತ್ತದೆ ಎಂದು ಅರ್ಥ.

ಸೇಠರಿಗೆ ತೋರಿಸಿದೆ. ಅವರು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಡಲೂ ಇಲ್ಲ.

“ಯಾರು ಪಿಸ್ತೂಲ ಕೆಳಗ ಒಗಿತಾರೋ ಮಾಣಿಕ? ಪೂಜಾ ಮಾಡಿ ಕಪಾಟಿನ್ಯಾಗ ಇಡ್ತಾರ. ಕಪಾಟಿನ್ಯಾಗ ಕುಂತದ್ದು ಹಾರ್ತದೇನು?”

“ಯಾರರೆ ಖರೇನ ಕಟ್ಕೊಂಡು ಅಡ್ಡಾಡೋರು ತಗೊಂಡ್ರ ಸೇಠ್‌ಜಿ?”

“ಅಂಥಾವ್ರು ಬಂದಾಗ ನೋಡಮ್ಮು.”

ಅಂಥವರು ಬಂದರು. ಹೆಸರು ತುಕಾರಾಮ. ಘಾಟಬೋರಾಳದ ಕೂಲಿಯ ಮನೆಯಲ್ಲಿ ಹುಟ್ಟಿ, ಫೌಜಿಗೆ ಸೇರಿ, ಹವಾಲ್ದಾರರಾಗಿ ನಿವೃತ್ತಿಯಾಗಿ ಬಂದಿದ್ದರು. ನೆಟ್ಟಗೆ ನಿಲ್ಲುವ, ಕಡಿಮೆ ಮಾತಿನ ಮನುಷ್ಯ. ಬಸವಕಲ್ಯಾಣದ ಒಂದು ಬಂಗಾರದ ಅಂಗಡಿಯವರು ಸ್ವಂತ ಪಿಸ್ತೂಲು ಇದ್ದರೆ ಕಾವಲಿಗೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ತಮ್ಮ ಓಣಿಯಿಂದ ಪಿಸ್ತೂಲಿನ ಲೈಸನ್ಸು ಪಡೆದ ಮೊದಲಿಗರು ಅವರೇ. ಅವರ ಅಪ್ಪ ಯಾರ ಹೊಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದರೋ ಆ ಮನೆಯವರೂ ಈಗ “ಬರ್ರಿ ಹವಾಲ್ದಾರ್ರ” ಎಂದು ಕುರ್ಚಿ ಕೊಡುತ್ತಿದ್ದರಂತೆ. ಇದನ್ನು ಅವರು ಹೇಳಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಕಮಲಾಬಾಯಿ ಹಿಗ್ಗಿನಿಂದ ಹೇಳಿದರು.

ತುಕಾರಾಮರು ಮೊದಲು ಸರ್ಕಾರಿ ಕಾರ್ಖಾನೆಯ ರಿವಾಲ್ವರನ್ನೇ ಕೇಳಿದರು. ಅದಕ್ಕೆ ಕೆಲವು ತಿಂಗಳು ಕಾಯಬೇಕಿತ್ತು, ಬೆಲೆಯೂ ಹೆಚ್ಚು. ಸೇಠ ಅಗ್ಗದ ಪಿಸ್ತೂಲನ್ನು ಮೇಜಿನ ಮೇಲಿಟ್ಟರು. ತುಕಾರಾಮರು ಅದನ್ನು ಎತ್ತಿಕೊಂಡ ರೀತಿಯಲ್ಲೇ ತಿಳಿದುಹೋಯಿತು, ಈ ಕೈ ಬೇರೆ ಎಂದು. ಬಾಯಿಯನ್ನು ಗೋಡೆಯ ಕಡೆ ಹಿಡಿದರು, ಗುಂಡಿನ ಡಬ್ಬಿ ತೆಗೆದರು, ಒಳಗೆ ಬೆರಳಿಟ್ಟು ನೋಡಿದರು. ಅಷ್ಟು ವರ್ಷಗಳಲ್ಲಿ ನಮ್ಮ ಅಂಗಡಿಯಲ್ಲಿ ಹಾಗೆ ಮಾಡಿದ ಗಿರಾಕಿಯನ್ನು ನಾನು ಕಂಡಿರಲಿಲ್ಲ.

ಆಮೇಲೆ ಸೇಠರನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಮಿಸ್ತ್ರಿ, ಫೌಜಿನ್ಯಾಗ ನಮ್ಮ ಹತಿಯಾರದ ಜವಾಬ್ದಾರಿ ಆರ್ಮರರ್‌ದು. ಅಂವಾ ಛಲೋ ಅದ ಅಂದ್ರ ಛಲೋ. ಇಲ್ಲಿ ನೀವದೀರಿ. ಇದು ಭರೋಸಾದ್ದು ಹೌದೋ ಅಲ್ಲೋ ಹೇಳ್ರಿ. ಬ್ಯಾಡಂದ್ರ ನಾ ಕಾಯ್ತೀನಿ.”

ಕಾಯುತ್ತೇನೆ ಎಂದಿದ್ದರು. ಈಗಲೂ ಆ ಮಾತು ನನ್ನ ಕಿವಿಯಲ್ಲಿದೆ. ನಾನು ‘ಕಾಯ್ರಿ’ ಎಂದಿದ್ದರೆ ಸಾಕಿತ್ತು, ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಸೇಠ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: “ಛಲೋ ಅದರಿ. ಕಾಳಜಿ ಮಾಡಬ್ಯಾಡ್ರಿ.”

ಕಾಗದ ತೆಗೆದು ರುಜು ಹಾಕಿದೆ. ಕಮಲಾಬಾಯಿ ಸಕ್ಕರೆ ಹಂಚಿದರು, ನಾನೂ ತಿಂದೆ.

ಒಂದು ವರ್ಷವೂ ಆಗಿರಲಿಲ್ಲ. ಬಸವಕಲ್ಯಾಣದ ಆ ಬಂಗಾರದ ಅಂಗಡಿಯ ಬಾಗಿಲಲ್ಲಿ ಮಧ್ಯಾಹ್ನ ತುಕಾರಾಮರು ಸ್ಟೂಲಿನಿಂದ ಎದ್ದರು. ಸೊಂಟದ ಚೀಲದ ಗುಂಡಿ ಕಿತ್ತು ಪಿಸ್ತೂಲು ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಬಿದ್ದದ್ದೇ ಹಾರಿತು. ಗುಂಡು ಅವರದೇ ಎಡ ಮೊಣಕಾಲಿಗೆ ಹೊಕ್ಕಿತು. ಒಳಗೆ ಓಲೆ ನೋಡುತ್ತಿದ್ದ ಗಿರಾಕಿಗಳು ಚೀರಿಕೊಂಡು ಓಡಿದರು. ಕಾಲು ಉಳಿಯಿತು, ಆದರೆ ಮತ್ತೆ ಮಡಚಲಿಲ್ಲ.

ಸೇಫ್ಟಿ ಹಾಕಿದ್ದೆ, ಟ್ರಿಗರ್ ಮುಟ್ಟಿರಲಿಲ್ಲ ಎಂದು ತುಕಾರಾಮರು ಹೇಳಿಕೆ ಕೊಟ್ಟರು. ವಿಚಾರಣೆಗೆ ಒಬ್ಬ ಅಧಿಕಾರಿ ನಮ್ಮ ಅಂಗಡಿಗೆ ಬಂದರು. ಅವರು ಬರುವ ಅರ್ಧ ಗಂಟೆ ಮೊದಲು ಸೇಠ ನನ್ನನ್ನು ಒಳಗೆ ಕರೆದರು.

“ರುಜು ನಿಂದದ ಮಾಣಿಕ, ನಂದಲ್ಲ. ನೆನಪಿಟ್ಕೊಂಡು ಮಾತಾಡು.”

ಅಧಿಕಾರಿ ಒಳ್ಳೆಯವರು. ಗದರಿಸಲಿಲ್ಲ. “ನೀವು ಅನುಭವಸ್ಥರಿದ್ದೀರಿ. ಟ್ರಿಗರ್ ಮುಟ್ಟದೆ ಈ ಪಿಸ್ತೂಲು ಹಾರಬಹುದಾ?” ಎಂದು ಕೇಳಿದರು.

“ಹಾರೋದಿಲ್ರಿ ಸಾಹೇಬ್ರ,” ಎಂದೆ. “ಬೀಳೋದನ್ನ ಹಿಡಿಯಾಕ ಹೋದಾಗ ಬೆರಳು ತಾಗಿರಬೇಕು.”

ಬೆರಳಿನ ಮಾತು ಅವರು ಕೇಳಿರಲಿಲ್ಲ, ನಾನೇ ಸೇರಿಸಿದೆ. ಅದು ಇವತ್ತಿಗೂ ನನ್ನನ್ನು ಸುಡುತ್ತದೆ. ಗಾಯವಾದದ್ದು ತುಕಾರಾಮರಿಗೇ, ದೂರು ಕೊಡುವ ಇನ್ನೊಬ್ಬರಿಲ್ಲ, ಮಿಸ್ತ್ರಿಯ ಮಾತು ಸ್ಪಷ್ಟವಾಗಿದೆ ಎಂದು ಅಧಿಕಾರಿ ಪಿಸ್ತೂಲನ್ನು ಪರೀಕ್ಷೆಗೆ ಕಳಿಸದೆಯೇ ಕಡತ ಮುಚ್ಚಿದರು. ಅಜಾಗರೂಕತೆಯಿಂದ ಬಳಸಿದ್ದಾರೆಂದು ತುಕಾರಾಮರ ಲೈಸನ್ಸು ರದ್ದಾಯಿತು, ಪಿಸ್ತೂಲು ಜಪ್ತಿಯಾಯಿತು. ಕೆಲಸ ಅದಕ್ಕೂ ಮೊದಲೇ ಹೋಗಿತ್ತು.

ನಾನು ಒಂದು ಕೆಲಸ ಮಾಡಿದೆ. ಅದೇ ಕಂಪನಿಯ ಉಳಿದ ಆರೇಳು ಪಿಸ್ತೂಲು ಕೊಂಡವರನ್ನೆಲ್ಲ ಪುಕ್ಕಟೆ ಸರ್ವಿಸ್ ಎಂದು ಕರೆಸಿ, ಗಟ್ಟಿ ಉಕ್ಕಿನಿಂದ ಹೊಸ ಕೊಕ್ಕೆ ಕಡೆದು ಕೂರಿಸಿದೆ, ಸೇಫ್ಟಿಯನ್ನೂ ಸರಿಪಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಇನ್ನೊಂದು ಮಾಡಿಲ್ಲ. ಸೇಠ ನೋಡಿ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಮೇಲೆಯೇ ನನಗೆ ಹೊಳೆದದ್ದು, ತುಕಾರಾಮರ ಮಾತು ನಿಜವೆಂದು ತೋರಿಸಬಲ್ಲ ಪಿಸ್ತೂಲು ಊರಿನಲ್ಲಿ ಇನ್ನೊಂದು ಉಳಿಯದಂತೆ ನಾನೇ ಮಾಡಿದ್ದೆ.

ಹೊಸಬರಿಗೆ ಹೇಳುವುದಿಷ್ಟೇ. ಹಾರಿಸಿ ನೋಡದೆ ರುಜು ಹಾಕಬೇಡಿ. ಬಡಿದು ನೋಡದೆ ರುಜು ಹಾಕಬೇಡಿ. ಗಿರಾಕಿ ಅಗ್ಗದ್ದು ಕೇಳಿದರೆ, ಬೇಡ, ದುಡ್ಡು ಕೂಡಿಸಿಕೊಂಡು ಬನ್ನಿ ಎನ್ನಿ. ಬೈದರೆ ಬೈಯಲಿ. ಕೊಂಡು ಪಶ್ಚಾತ್ತಾಪಪಡುವವರು ತಮ್ಮ ಪಾಡು ನೋಡಿಕೊಳ್ಳುತ್ತಾರೆ, ಮಾರಿದವರ ಪಶ್ಚಾತ್ತಾಪಕ್ಕೆ ಮದ್ದಿಲ್ಲ. ಇದನ್ನು ಯಾರೋ ಹೇಳಿಕೊಟ್ಟರೆ ತಿಳಿಯುತ್ತದೆಂದು ನನಗೇನೂ ನಂಬಿಕೆಯಿಲ್ಲ. ನನಗೆ ಉಸ್ತಾದರು ಹೇಳಿಕೊಟ್ಟೇ ಇದ್ದರು.

ನಾನು ಕೆಲಸ ಬಿಟ್ಟ ದಿನ ಸೇಠ ಶಾಲು ಹೊದಿಸಿದರು. ನಾಲ್ಕು ಜನ ಗಿರಾಕಿಗಳ ಮುಂದೆ, “ನಮ್ಮ ಮಾಣಿಕನ ಕೈ ಮ್ಯಾಲಿಂದ ಹೋದ ಮಾಲಿಗಿ ಇಲ್ಲೀಮಟ ಒಂದು ತಕರಾರ ಬಂದಿಲ್ರಿ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದೆ. ಮನೆಯಲ್ಲಿ ಅದನ್ನು ಯಾರಿಗೂ ತೋರಿಸಲಿಲ್ಲ. ನಾಲ್ಕನೇ ದಿನ ಘಾಟಬೋರಾಳಕ್ಕೆ ಹೋದೆ.

ತುಕಾರಾಮರು ಮನೆಯ ಮುಂದೆ ಬೇವಿನ ನೆರಳಿನಲ್ಲಿ ಎಡಗಾಲು ಚಾಚಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಗುರುತು ಹಿಡಿದರು. “ಬರ್ರಿ ಮಿಸ್ತ್ರಿ,” ಎಂದರು. ಬಾಗಿಲೊಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಫೌಜಿನ ಪದಕಗಳ ಚೌಕಟ್ಟು ಕಾಣುತ್ತಿತ್ತು. ನಾನು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಕುಡಿದರೆ ಹೇಳುವುದಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಹವಾಲ್ದಾರ್ರ, ನಿಮ್ಮ ಬೆರಳು ತಾಗಿಲ್ರಿ. ಪಿಸ್ತೂಲೇ ಖೊಟ್ಟಿ ಇತ್ತು. ನೀವು ತಗೊಳ್ಳೋಕಿಂತ ಮೊದಲೇ ನನಗ ಗೊತ್ತಿತ್ತು.”

ಅವರು ಹಗ್ಗ ಬಿಟ್ಟರು. ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಂಡರು. ನಾನು ಬೈಗುಳ ಕೇಳಲು ಸಿದ್ಧನಾಗಿ ಹೋಗಿದ್ದೆ, ಏಟು ತಿನ್ನಲೂ ಸಿದ್ಧನಾಗಿದ್ದೆ.

“ಮೊದಲ ಎರಡು ವರ್ಷ ಎಲ್ಲಾರಿಗೂ ಹೇಳ್ದೆ, ಮುಟ್ಟಿಲ್ಲ, ಮುಟ್ಟಿಲ್ಲ ಅಂತ,” ಎಂದರು. “ಆಮ್ಯಾಗ ನನಗೇ ಅನ್ಸಾಕತ್ತು, ಮುಟ್ಟಿದ್ದೇನೋ ಏನೋ. ತನ್ನ ಕಾಲಿಗಿ ತಾನೇ ಹೊಡ್ಕೊಂಡ ಫೌಜಿ ಅಂತಾರ ಊರಾಗ. ಮಗಳು ಕೂಸಿನ ನನ್ನ ಕೈಯಾಗ ಕೊಡೋದಿಲ್ಲ. ಅಪ್ಪನ ಕೈ ನೆಟ್ಟಗಿಲ್ಲ ಅಂತಾಳ.”

ನಾನು ಕ್ಷಮಿಸಿ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಒಳಗೆ ತಿರುಗಿ ಕೂಗಿದರು. “ಕಮಲಾ, ಹೊರಗ ಬಾ.” ಕಮಲಾಬಾಯಿ ಹಿಟ್ಟಿನ ಕೈಯಲ್ಲೇ ಬಂದರು. ಅಂದು ಸಕ್ಕರೆ ಹಂಚಿದಾಗಿನ ನಗೆ ಈಗ ಆ ಮುಖದಲ್ಲಿರಲಿಲ್ಲ.

“ಹೇಳ್ರಿ ಮಿಸ್ತ್ರಿ. ಈಗ ಹೇಳಿದ್ದು ಈಕಿ ಮುಂದ ಹೇಳ್ರಿ.”

ಹೇಳಿದೆ. ಕಮಲಾಬಾಯಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಳಿತರು. ತುಕಾರಾಮರು ಕೋಲು ಹಿಡಿದು ಎದ್ದರು. “ನಡೀರಿ,” ಎಂದರು.

ಪಕ್ಕದ ಮನೆಯ ತಮ್ಮನ ಮುಂದೆ ಹೇಳಿಸಿದರು. ಹಿಟ್ಟಿನ ಗಿರಣಿಯಲ್ಲಿ ಹೇಳಿಸಿದರು. ಚಹಾದ ಅಂಗಡಿಯಲ್ಲಿ ಕುಳಿತ ಏಳೆಂಟು ಜನರ ಮುಂದೆ ನಿಲ್ಲಿಸಿ ಹೇಳಿಸಿದರು. ಅವರಲ್ಲಿ ಒಬ್ಬರು, “ಇಷ್ಟು ದಿನ ಎಲ್ಲಿ ಸತ್ತಿದ್ಯೋ ನೀ?” ಎಂದರು. ಅವರ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದ ಹೊಲದವರ ವಾಡೆಯ ಕಟ್ಟೆಯ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಒಳಗಿಂದ ಯಜಮಾನರು ಹೊರಗೆ ಬರುವವರೆಗೆ ಕಾದು, ಅಲ್ಲಿಯೂ ಹೇಳಿಸಿದರು. ಪ್ರತಿ ಸಲವೂ ತುಕಾರಾಮರು ನನ್ನ ಪಕ್ಕ ಫೌಜಿನವರಂತೆ ನೆಟ್ಟಗೆ ನಿಂತು ನೇರ ಮುಂದೆ ನೋಡುತ್ತಿದ್ದರು. ನಾನು ಒಂದು ಮಾತು ಬಿಟ್ಟರೆ, “ಬೆರಳಿಂದು ಹೇಳ್ರಿ,” ಎಂದು ನೆನಪಿಸುತ್ತಿದ್ದರು.

ಬಸ್ಸು ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ನೀರು ಕೇಳಲು ಬಾಯಿ ಬರಲಿಲ್ಲ, ಅವರೂ ಕೊಡಲಿಲ್ಲ. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವರು ನನ್ನ ಅಂಗಿಯ ತೋಳು ಹಿಡಿದರು.

“ನಾಳಿ ಬರ್ರಿ ಮಿಸ್ತ್ರಿ. ಮಗಳು ಇವತ್ತ ಊರಾಗಿಲ್ಲ.”